ದುಬೈನ ನಿಜವಾದ ಗಾಳಿಗೋಪುರ

ದುಬೈಗೆ ಹೋಗಿ ಬಂದೆವು ಅಂದಕೂಡಲೇ ಹಾಸ್ಟೆಲ್‌ನಲ್ಲಿ ಎಲ್ಲರೂ ಕೇಳಿದ್ದು ಒಂದೇ: "ಬುರ್ಜ್ ಖಲೀಫಾ ಹತ್ತಿದ್ರಾ?" ಹತ್ತಿದೆವು. 828 ಮೀಟರ್ ಎತ್ತರದ ಆ ಕಟ್ಟಡದ ಬಗ್ಗೆ ಯೂಟ್ಯೂಬ್‌ನಲ್ಲಿ ಬೇಕಾದಷ್ಟಿದೆ. ನಾವಿಲ್ಲಿ ಹೇಳಹೊರಟಿರುವುದು ಅದಕ್ಕಿಂತ ತುಂಬ ಕುಳ್ಳಗಿನ, ತುಂಬ ಹಳೆಯ ಇನ್ನೊಂದು ಗೋಪುರದ ಬಗ್ಗೆ. ಹಾಗೇ ಅದೇ ಬೀದಿಯಲ್ಲಿ ಕುಡಿದ ಕಾಫಿಯ ಬಗ್ಗೆ.

ನಾವು ಮೂವರು ಉಳಿದುಕೊಂಡಿದ್ದು ನಮ್ಮದೇ ಸಿವಿಲ್ ವಿಭಾಗದ ಸೀನಿಯರ್ ರೂಮಿನಲ್ಲಿ. ಅಣ್ಣ ಅಲ್ಲಿ ಸೈಟ್ ಎಂಜಿನಿಯರ್ ಆಗಿ ಐದು ವರ್ಷ. ಮೊದಲ ಮೂರು ದಿನ ಕರಾಮಾದಲ್ಲಿ ದೋಸೆ, ಆಮೇಲೆ ಮಾಲ್, ಮತ್ತೆ ದೋಸೆ. ನಾಲ್ಕನೇ ದಿನ ನಮ್ಮಲ್ಲೊಬ್ಬ ಕೇಳಿದ, "ಅಣ್ಣಾ, ಇಲ್ಲಿಯವರ ಮನೆಗೆ ಯಾವತ್ತಾದ್ರೂ ಹೋಗಿದ್ದೀರಾ?" ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನೆ ಇರಲಿ ಮಾರಾಯ, ಒಟ್ಟಿಗೆ ಕೂತು ಒಂದು ಟೀ ಕೂಡ ಕುಡಿದಿಲ್ಲ" ಅಂದರು. ತಪ್ಪು ಅವರದೊಬ್ಬರದೇ ಅಲ್ಲ. ಆ ದೇಶದಲ್ಲಿ ಸ್ಥಳೀಯ ಎಮಿರಾತಿಗಳು ಹತ್ತು ಜನರಲ್ಲಿ ಒಬ್ಬರಷ್ಟು. ಸೈಟಿನಲ್ಲಿ ಕಿವಿಗೆ ಬೀಳುವುದು ಹಿಂದಿ, ಮಲಯಾಳ, ಬಂಗಾಳಿ. ಅರಬ್ಬಿ ಇರುವುದು ಬೋರ್ಡ್ ಮೇಲೆ.

ಮರುದಿನ ಅಣ್ಣನಿಗೆ ರಜೆ. ದೇರಾ ಕಡೆಯಿಂದ ಒಂದು ದಿರ್ಹಮ್ ಕೊಟ್ಟು 'ಅಬ್ರಾ' ಎಂಬ ಮರದ ದೋಣಿಯಲ್ಲಿ ಖಾರಿ ದಾಟಿ, ಅಲ್ ಫಹಿದಿ ಎಂಬ ಹಳೇ ಬೀದಿಗೆ ಹೋದೆವು. ಇರಾನಿನ ಬಸ್ತಕ್ ಕಡೆಯಿಂದ ಬಂದ ವ್ಯಾಪಾರಿಗಳು ಕಟ್ಟಿಕೊಂಡ ಮನೆಗಳಿವು. ಅದಕ್ಕೇ ಬಸ್ತಕಿಯಾ ಅಂತಲೂ ಹೆಸರು. ಕಡಲಿನ ಹವಳದ ಕಲ್ಲು, ಜಿಪ್ಸಮ್ ಗಾರೆ, ಇಬ್ಬರು ಅಕ್ಕಪಕ್ಕ ನಡೆಯುವಷ್ಟೇ ಅಗಲದ ಓಣಿಗಳು. ಮನೆಗಳ ತಲೆಯ ಮೇಲೆ ಚೌಕದ ಗೋಪುರ: 'ಬರ್ಜೀಲ್'. ಕನ್ನಡದಲ್ಲಿ ಗಾಳಿಗೋಪುರ ಅಂದರೆ ಆಗದ ಹೋಗದ ಕನಸು. ಇಲ್ಲಿ ನಿಜಕ್ಕೂ ಗಾಳಿಗೆಂದೇ ಕಟ್ಟಿದ ಗೋಪುರ!

ಕೆಲಸ ಮಾಡುವ ರೀತಿ ನೋಡಿ. ಗೋಪುರದ ತುದಿ ನಾಲ್ಕೂ ಕಡೆ ತೆರೆದಿದೆ. ಒಳಗೆ ಮೂಲೆಯಿಂದ ಮೂಲೆಗೆ ಗುಣಾಕಾರ ಚಿಹ್ನೆಯಂತೆ ಎರಡು ಅಡ್ಡಗೋಡೆ, ಹಾಗಾಗಿ ನಾಲ್ಕು ತ್ರಿಕೋನ ಕೊಳವೆ. ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಆ ಬದಿಯಲ್ಲಿ ಒತ್ತಡ ಹೆಚ್ಚಿ, ಗಾಳಿ ಅಡ್ಡಗೋಡೆಗೆ ಬಡಿದು ಕೆಳಗಿನ ಕೋಣೆಗೆ ಇಳಿಯುತ್ತೆ. ಎದುರು ಬದಿಯಲ್ಲಿ ಒತ್ತಡ ಕಡಿಮೆ, ಅಲ್ಲಿಂದ ಕೋಣೆಯ ಬಿಸಿ ಗಾಳಿ ಹೊರಗೆ. ಗಾಳಿ ಬೀಸದಿದ್ದಾಗ? ಬಿಸಿ ಗಾಳಿ ಹಗುರ, ಮೇಲೇರುತ್ತೆ. ಗೋಪುರ ಚಿಮಣಿಯಾಗುತ್ತೆ. ಫ್ಲೂಯಿಡ್ ಮೆಕ್ಯಾನಿಕ್ಸ್ ಪೇಪರಿನಲ್ಲಿ ನಾವು ಐದು ಅಂಕಕ್ಕೆ ಬರೆದದ್ದು ಇದನ್ನೇ.

ಇದು ಎಸಿ ಅಲ್ಲ ಅನ್ನೋದನ್ನೂ ಹೇಳಬೇಕು. ದುಬೈ ಕರಾವಳಿ, ಮಂಗಳೂರಿನ ಹಾಗೆ ಗಾಳಿಯಲ್ಲೇ ತೇವ. ಗೋಪುರದಿಂದ ಇಳಿದ ಗಾಳಿಯ ಉಷ್ಣತೆ ಅಷ್ಟೇನೂ ಇಳಿದಿರುವುದಿಲ್ಲ. ಆದರೆ ಅದು ಓಡಾಡುತ್ತೆ, ಬೆವರು ಆರುತ್ತೆ, ಮೈಗೆ ತಂಪು ಅನಿಸುತ್ತೆ. ಜೂನ್ ಕೊನೆಯ ವಾರ ಅದರ ಕೆಳಗೆ ನಿಂತ ನಮಗೆ ಲೆಕ್ಕ ಬೇಕಾಗಲಿಲ್ಲ. ಅಣ್ಣ ತಲೆಯೆತ್ತಿ ನೋಡ್ತಾನೇ ಇದ್ದರು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ಅಲ್ಲಿ ನಿಯಮ ಇದೆ. ಆ ಹೊತ್ತಿಗೆ ಕೆಲಸಗಾರರನ್ನು ನೆರಳಿಗೆ ಕಳಿಸೋದು ಅವರ ದಿನಚರಿ. "ಆ ಶೆಡ್‌ಗೆ ಇಂಥದ್ದೊಂದು ಕಟ್ಟಬಹುದಿತ್ತಲ್ಲ" ಅಂದರು, ತಮ್ಮಷ್ಟಕ್ಕೇ.

ಅದೇ ಬೀದಿಯಲ್ಲಿ ಶೇಖ್ ಮೊಹಮ್ಮದ್ ಹೆಸರಿನ ಸಾಂಸ್ಕೃತಿಕ ಕೇಂದ್ರವಿದೆ. ಮೊದಲೇ ದುಡ್ಡು ಕಟ್ಟಿ ಬುಕ್ ಮಾಡಿದರೆ ಎಮಿರಾತಿಗಳ ಜೊತೆ ನೆಲದ ಮೇಲೆ ಕೂತು ಊಟ ಮಾಡಬಹುದು, ಏನು ಬೇಕಾದರೂ ಕೇಳಬಹುದು. ಮೊದಲು ಬಂದದ್ದು ಖರ್ಜೂರ ಮತ್ತು 'ಗಹ್ವಾ'. ಹದವಾಗಿ ಹುರಿದ ಬೀಜ, ಏಲಕ್ಕಿ. ಹಾಲು ಸಕ್ಕರೆ ಎರಡೂ ಇಲ್ಲ. ಹಿಡಿಯಿಲ್ಲದ ಪುಟ್ಟ ಬಟ್ಟಲಿನ ಹೆಸರು ಫಿಂಜಾನ್. ಎಡಗೈಯಲ್ಲಿ ಹೂಜಿ, ಬಲಗೈಯಲ್ಲಿ ಬಟ್ಟಲು. ತಳಕ್ಕೆ ಸ್ವಲ್ಪವೇ ಸುರಿಯುತ್ತಾರೆ. ಜಿಪುಣತನ ಅಂದುಕೊಂಡೆವು. ಆಮೇಲೆ ಗೊತ್ತಾಯಿತು, ತುಂಬಿಸಿ ಕೊಟ್ಟರೆ 'ಕುಡಿದು ಹೊರಡಿ' ಅಂದ ಹಾಗಂತೆ. ಕುಡಿದು ಬಟ್ಟಲು ಸುಮ್ಮನೆ ಚಾಚಿದರೆ ಮತ್ತೆ ಸುರಿಯುತ್ತಾರೆ. ಸಾಕು ಅನ್ನಲು ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಬೇಕು. ಇದು ಗೊತ್ತಿಲ್ಲದೆ ನಮ್ಮವನೊಬ್ಬ ಐದು ಸಲ ಕುಡಿದ!

ಅವನನ್ನು ಪಾರು ಮಾಡಿದ್ದು ಎದುರು ಕೂತಿದ್ದ ಹಿರಿಯರು, ಅದೂ ಹಿಂದಿಯಲ್ಲಿ. ನಮಗೆ ಆಶ್ಚರ್ಯ. ಚಿಕ್ಕಂದಿನಲ್ಲಿ ಅವರ ಕೈಯಲ್ಲಿದ್ದದ್ದು ರೂಪಾಯಿಯಂತೆ. ಹೌದು, 1966ರವರೆಗೆ ದುಬೈನಲ್ಲಿ ನಡೆಯುತ್ತಿದ್ದುದು ರೂಪಾಯಿಯೇ. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಕೊಲ್ಲಿ ನಾಡುಗಳಿಗೆಂದೇ ಬೇರೆ ನೋಟು ಹೊರಡಿಸಿತ್ತು. 1966ರ ಜೂನ್‌ನಲ್ಲಿ ಭಾರತ ರೂಪಾಯಿ ಮೌಲ್ಯ ಇಳಿಸಿದಾಗ ಅವರು ಅದನ್ನು ಕೈಬಿಟ್ಟರು. ಮಾತು ಮಾತ್ರ ಉಳಿಯಿತು. ಅಲ್ಲಿನ ಅರಬ್ಬಿಯಲ್ಲಿ ದುಡ್ಡಿಗೆ 'ಬೇಝಾತ್', ನಮ್ಮ ಪೈಸೆಯಿಂದ ಬಂದದ್ದು. ನೇರ ಹೋಗು ಅನ್ನಲು 'ಸೀದಾ'. ಅಣ್ಣ ನಕ್ಕುಬಿಟ್ಟರು, "ಐದು ವರ್ಷದಿಂದ ನನಗೆ ಅರಬ್ಬಿ ಬರಲ್ಲ ಅಂದ್ಕೊಂಡಿದ್ದೆ!" ಆಮೇಲೆ ಅವರೂ ಹಿರಿಯರೂ ಸೇರಿ ಬರ್ಜೀಲ್ ಬಗ್ಗೆ ಮಾತಿಗೆ ಕೂತರು. ನಾವು ಮೂವರೂ ಲೆಕ್ಕಕ್ಕೇ ಇಲ್ಲ.

ಹೊರಡುವ ಹಿಂದಿನ ರಾತ್ರಿ, ಊರಿಂದ ಒಯ್ದಿದ್ದ ಪುಡಿಯಲ್ಲಿ ಅಣ್ಣನ ರೂಮಲ್ಲೇ ಫಿಲ್ಟರ್ ಕಾಫಿ ಮಾಡಿದೆವು. ಕುಡಿದು ಮುಗಿಸಿದ ಅಣ್ಣ ಲೋಟವನ್ನು ಸುಮ್ಮನೆ ಚಾಚಿದರು, ಅಲ್ಲಾಡಿಸಲಿಲ್ಲ. ಡಿಕಾಕ್ಷನ್ ಆಗಲೇ ಮುಗಿದಿತ್ತು. ನಮ್ಮ ಲೋಟಗಳಲ್ಲಿ ಉಳಿದಿದ್ದನ್ನೇ ಸ್ವಲ್ಪ ಸ್ವಲ್ಪ ಸುರಿದೆವು.