ಬೂಷ್ಟು ಹಿಡಿದ ಹಿಂಡಿಗೆ ಅರಿಸಿನ ಮದ್ದಲ್ಲ



“ಡಾಕ್ಟ್ರೇ, ಹಿಂಡಿಗೆ ಸ್ವಲ್ಪ ಬೂಷ್ಟು ಬಂದಿದೆ. ಒಂದು ಹಿಡಿ ಅರಿಸಿನ ಕಲಸಿ ಹಾಕಿದರೆ ಆಗೋದಿಲ್ವೇ?” ಮಳೆಗಾಲದಲ್ಲಿ ಸಂಘಗಳಿಗೆ ಭೇಟಿ ನೀಡಿದಾಗ ಸದಸ್ಯರು ಕೇಳುವ ಪ್ರಶ್ನೆ ಇದು. ಇದರಲ್ಲಿ ಅರ್ಧ ಸತ್ಯವಿದೆ.

ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿ, ಮುಸುಕಿನ ಜೋಳಗಳಲ್ಲಿ ತೇವ ಉಳಿದರೆ ಶಿಲೀಂಧ್ರ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಉತ್ಪತ್ತಿಯಾಗುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಇಂತಹ ಕಡಲೆಕಾಯಿ ಹಿಂಡಿ ತಿಂದು ಸುಮಾರು 1 ಲಕ್ಷ ಟರ್ಕಿ ಕೋಳಿಗಳು ಸತ್ತ ನಂತರವೇ ಈ ವಿಷ ಪತ್ತೆಯಾಯಿತು.

ಈ ವಿಷ ಮುಖ್ಯವಾಗಿ ರಾಸಿನ ಯಕೃತ್ತನ್ನು, ಅಂದರೆ ಈಲಿಯನ್ನು ಕೆಡಿಸುತ್ತದೆ. ಆಗ ಅಲ್ಲಿ ಜೀವಕೋಶಗಳನ್ನು ಹಾಳುಮಾಡುವ ಕಣಗಳು ಹುಟ್ಟುತ್ತವೆ. ಅವುಗಳನ್ನು ತಡೆಯುವ ವಸ್ತುಗಳಿಗೆ ಉತ್ಕರ್ಷಣ ನಿರೋಧಕಗಳು ಎಂದು ಹೆಸರು. ಹಸಿರು ಮೇವಿನ ‘ಇ’ ಜೀವಸತ್ವ ಮತ್ತು ಕೆರೋಟಿನ್, ಅರಿಸಿನದ ಕರ್ಕ್ಯುಮಿನ್ ಈ ಗುಂಪಿನವು. ಕೋಳಿ ಮತ್ತು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಅರಿಸಿನವು ಯಕೃತ್ತಿನ ಹಾನಿಯನ್ನು ತಗ್ಗಿಸಿದೆ.

ಆದರೆ ಅರಿಸಿನ ಬೆರೆಸಿದ ಮಾತ್ರಕ್ಕೆ ಹಿಂಡಿಯ ವಿಷ ಹೋಗುವುದಿಲ್ಲ. ರಾಸು ತಿಂದ ವಿಷದ ಒಂದು ಪಾಲು 12ರಿಂದ 24 ಗಂಟೆಗಳಲ್ಲಿ ‘ಎಂ1’ ರೂಪದಲ್ಲಿ ಹಾಲಿಗೆ ಇಳಿಯುತ್ತದೆ. ಹಾಲು ಕಾಯಿಸಿದರೂ ಅದು ನಾಶವಾಗದು. ಅದೇ ಹಾಲನ್ನು ನಮ್ಮ ಮನೆಯ ಮಗುವೂ ಕುಡಿಯುತ್ತದೆ. ಆದ್ದರಿಂದಲೇ 1 ಕಿಲೋ ಹಾಲಿನಲ್ಲಿ ಇದು 0.5 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮವಿದೆ. ಕೆಟ್ಟ ಹಿಂಡಿ ನಿಲ್ಲಿಸಿದರೆ ಮೂರು-ನಾಲ್ಕು ದಿನಗಳಲ್ಲಿ ಹಾಲಿನಲ್ಲಿ ವಿಷ ಬಹುಮಟ್ಟಿಗೆ ಇಳಿಯುತ್ತದೆ.

ಸದಸ್ಯರು ಗಮನಿಸಬೇಕಾದ ಅಂಶಗಳು:

1. ಹಿಂಡಿ ಮತ್ತು ಪಶು ಆಹಾರದ ಚೀಲಗಳನ್ನು ನೆಲಕ್ಕೆ, ಗೋಡೆಗೆ ತಾಗದಂತೆ ಮರದ ಹಲಗೆಯ ಮೇಲಿಡಿ. ಮೊದಲು ತಂದ ಚೀಲವನ್ನು ಮೊದಲು ಬಳಸಿ.

2. ಮುಸುಕಿನ ಜೋಳವನ್ನು ಚೆನ್ನಾಗಿ ಒಣಗಿಸಿದ ನಂತರವೇ ಚೀಲಕ್ಕೆ ತುಂಬಿ.

3. ಮುಗ್ಗಲು ವಾಸನೆ ಬಂದರೆ, ಗಂಟು ಕಟ್ಟಿದ್ದರೆ ಬಳಸಬೇಡಿ. ಬೂಷ್ಟು ಕಂಡ ಭಾಗ ಕಿತ್ತು ಉಳಿದದ್ದನ್ನು ಹಾಕುವುದೂ ತಪ್ಪು. ವಿಷ ಕಣ್ಣಿಗೆ ಕಾಣುವುದಿಲ್ಲ. ಕೋಳಿಗೂ ಹಾಕದೆ ಗುಂಡಿ ತೆಗೆದು ಹೂಳಿ.

4. ಒಣಹುಲ್ಲಿನ ಜೊತೆಗೆ ದಿನವೂ ನೇಪಿಯರ್, ಅಲಸಂದೆ, ಕುದುರೆಮಸಾಲೆಯಂತಹ ಹಸಿರು ಮೇವು ಕೊಡಿ. ಮೇವು ಬಿಸಿಲಿಗೆ ಒಣಗಿದಷ್ಟೂ ಕೆರೋಟಿನ್ ಮತ್ತು ‘ಇ’ ಜೀವಸತ್ವ ಕಡಿಮೆಯಾಗುತ್ತವೆ.

5. ರಾಸು ಮೇವು ಬಿಟ್ಟರೆ, ಹಾಲು ಇಳಿದರೆ ಪಶುವೈದ್ಯರನ್ನು ಕರೆಸಿ, ಹಿಂಡಿಯ ಮಾದರಿಯನ್ನೂ ತೋರಿಸಿ.

ಹಸಿರು ಮೇವು ರಾಸಿಗೆ ಶಕ್ತಿ ಕೊಡುತ್ತದೆ ನಿಜ. ಆದರೆ ವಿಷ ಗೋದಲಿಗೆ ಬಾರದಂತೆ ತಡೆಯಬೇಕಾದವರು ನಾವೇ. ಒಂದು ಚೀಲ ಹಿಂಡಿ ಹೂಳುವಾಗ ಕೈ ಹಿಂಜರಿಯುವುದು ಸಹಜ. ಆ ಹಾಲು ಕುಡಿಯುವ ಮಗುವನ್ನು ಒಮ್ಮೆ ನೆನೆಯಿರಿ.