ಫೋನಿನ ಪತ್ತಾಯ ತುಂಬಿದಾಗ



ನಮ್ಮ ನೆರೆಯ ಗ್ರಾಮದ ರೈತರೊಬ್ಬರು ಒಂದು ಮಳೆಗಾಲದಲ್ಲಿ ತಮ್ಮ ಏಣೆಲು ಗದ್ದೆಯ ಬದುವಿನ ಮೇಲೆ ನಿಂತು ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ಪೈರಿನ ಚಿತ್ರ ತೆಗೆಯಲು ಹೊರಟರು. ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಆದರೆ ಚಿತ್ರ ಮೂಡಲಿಲ್ಲ. ಫೋನಿನಲ್ಲಿ ಜಾಗವಿಲ್ಲವೆಂಬ ಸೂಚನೆ ಮಾತ್ರ ಬಂದಿತು. ಮರುದಿನ ಬಸ್ಸು ಹಿಡಿದು ಮಂಗಳೂರಿಗೆ ಹೋಗಿ, ಸ್ಟೇಟ್ ಬ್ಯಾಂಕಿನ ಬಳಿ ಇಳಿದು, ಹಂಪನಕಟ್ಟೆಯ ಕಡೆಯ ಒಂದು ಅಂಗಡಿಯಲ್ಲಿ ವಿಚಾರಿಸಿದರು. "ಫೋನು ಹಳತಾಯಿತು, ಹೊಸತು ಕೊಳ್ಳಿ" ಎಂದರು ಅಲ್ಲಿಯವರು. ಬೆಲೆ ಕೇಳಿ ಹಿಂದಿರುಗಿದರು. ಮನೆಗೆ ಬಂದಿದ್ದ ಅಳಿಯ, "ಕೊಡಿ ಮಾವ, ನಾನು ಸರಿ ಮಾಡುತ್ತೇನೆ" ಎಂದು ಸಮೀಕ್ಷೆಯ ಆ್ಯಪಿಗೇ ಕೈಹಾಕಿ 'ಕ್ಲಿಯರ್ ಡೇಟಾ' ಎಂಬುದನ್ನು ಒತ್ತಿದ. ಸ್ವಲ್ಪ ಜಾಗವೇನೋ ಆಯಿತು. ಆದರೆ ಹಿಂದಿನ ವಾರ ಮೂರು ಸರ್ವೆ ನಂಬರುಗಳಲ್ಲಿ ತೆಗೆದು, ನೆಟ್‌ವರ್ಕ್ ಸಿಗದೆ ಕಳುಹಿಸದೆ ಉಳಿದಿದ್ದ ಚಿತ್ರಗಳೂ ಅದರೊಡನೆ ಹೋದವು. ಆ ಮಳೆಯಲ್ಲಿ ಮತ್ತೆ ಮೂರು ಕಡೆಗೂ ನಡೆದದ್ದು ಅಳಿಯನಲ್ಲ, ಮಾವನೇ.

2020ರ ಮುಂಗಾರಿನಿಂದ ನಮ್ಮ ರಾಜ್ಯದಲ್ಲಿ ರೈತರೇ ತಮ್ಮ ಫೋನಿನಲ್ಲಿ ಬೆಳೆಯನ್ನು ದಾಖಲಿಸುವ ಏರ್ಪಾಡು ಇದೆಯಷ್ಟೆ. ಚಿತ್ರವನ್ನು ಹೊಲದಲ್ಲಿಯೇ ನಿಂತು ತೆಗೆಯಬೇಕು. ಮನೆಯ ಜಗಲಿಯಲ್ಲಿ ಕುಳಿತು ಆಗುವ ಕೆಲಸವಲ್ಲ. ಬೆಳೆ ವಿಮೆ, ಬೆಳೆ ನಷ್ಟದ ಪರಿಹಾರ, ಬೆಂಬಲ ಬೆಲೆಯ ಖರೀದಿ, ಪಹಣಿಯ ಬೆಳೆ ಕಾಲಂ, ಇವೆಲ್ಲಕ್ಕೂ ಈ ದಾಖಲೆಯೇ ಆಧಾರ. ಆದುದರಿಂದ ಫೋನಿನ ಜಾಗವೆಂಬುದು ಹುಡುಗರಿಗೆ ಬಿಟ್ಟುಬಿಡತಕ್ಕ ಮಾತಲ್ಲ.

ಫೋನಿನ ಸಂಗ್ರಹವೆಂದರೆ ನಮ್ಮ ಮನೆಯ ಪತ್ತಾಯವೆಂದು ತಿಳಿಯಿರಿ. ಅದರ ಅಳತೆ ಜಿಬಿ. ಸುಮಾರು ಸಾವಿರ ಎಂಬಿ ಸೇರಿದರೆ ಒಂದು ಜಿಬಿ. 32 ಜಿಬಿಯ ಫೋನೆಂದು ಕೊಂಡರೂ ಅಷ್ಟೂ ನಿಮಗೆ ಸಿಗುವುದಿಲ್ಲ. ಫೋನು ನಡೆಯಲು ಬೇಕಾದ ವ್ಯವಸ್ಥೆಯೇ ಒಂದು ದೊಡ್ಡ ಪಾಲನ್ನು ಮೊದಲೇ ಹಿಡಿದಿರುತ್ತದೆ. ಕ್ಯಾಮೆರಾದಲ್ಲಿ ತೆಗೆದ ಒಂದು ಚಿತ್ರಕ್ಕೆ ಸಾಮಾನ್ಯವಾಗಿ ಮೂರು, ನಾಲ್ಕು ಎಂಬಿ ಬೇಕು. ಒಳ್ಳೆಯ ಗುಣಮಟ್ಟದ ಒಂದು ನಿಮಿಷದ ವೀಡಿಯೊ ನೂರು ಎಂಬಿಯ ಆಸುಪಾಸು ನುಂಗುತ್ತದೆ. ಹಾಗಾದರೆ ಯಕ್ಷಗಾನದ ಹತ್ತು ನಿಮಿಷದ ಒಂದು ಪ್ರಸಂಗ ನಿಮ್ಮ ತೋಟದ ಇನ್ನೂರೈವತ್ತು ಚಿತ್ರಗಳ ಜಾಗವನ್ನು ತಿಂದಂತಾಯಿತು. ಯಕ್ಷಗಾನ ನೋಡಬೇಡಿರೆಂದು ನಾನು ಹೇಳಲಾರೆ, ನಾನೂ ನೋಡುವವನೇ. ನೋಡಿದ ಮೇಲೆ ಇಟ್ಟುಕೊಳ್ಳಬೇಕೇ ಎಂಬುದಷ್ಟೇ ಪ್ರಶ್ನೆ.

ಇನ್ನು ವಾಟ್ಸಾಪ್. ಬೆಳಗಾದರೆ ಹೂವು, ದೀಪ, ಸೂರ್ಯೋದಯದ 'ಶುಭೋದಯ' ಚಿತ್ರಗಳು ಎಲ್ಲ ಗುಂಪುಗಳಿಂದಲೂ ಬಂದು ಬೀಳುತ್ತವೆ. ಇದು ನಮ್ಮೂರಿನ ಕಥೆ ಮಾತ್ರವಲ್ಲ. ಭಾರತದ ಫೋನುಗಳು ಏಕೆ ಇಷ್ಟು ಬೇಗ ತುಂಬುತ್ತವೆ ಎಂದು ಗೂಗಲ್ ಕಂಪೆನಿಯವರು ಹುಡುಕಿದಾಗ ಈ ಶುಭಾಶಯದ ಚಿತ್ರಗಳೇ ಒಂದು ಮುಖ್ಯ ಕಾರಣವಾಗಿ ಕಂಡುಬಂದವು. 2017ರ ಡಿಸೆಂಬರಿನಲ್ಲಿ ಅವರು ಹೊರತಂದ ಫೈಲ್ಸ್ ಎಂಬ ಉಚಿತ ಆ್ಯಪು ಇಂಥ ಕಸವನ್ನು ಒಟ್ಟುಮಾಡಿ ತೋರಿಸುತ್ತದೆ.

ಜಾಗ ಮಾಡಲು ಬೀಜದ ಭತ್ತವನ್ನು ಚೆಲ್ಲಿ ಜೊಳ್ಳನ್ನು ಉಳಿಸಿಕೊಳ್ಳುವ ರೈತನುಂಟೇ? ಆದುದರಿಂದ ಅಳಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಹೋದರೆ ಮತ್ತೆ ಸಿಗುತ್ತದೆಯೇ? ಪಹಣಿಯ ಪ್ರತಿ ಬೇಕೆಂದಾಗ ಭೂಮಿಯಿಂದ ಪುನಃ ಸಿಗುತ್ತದೆ. ಕಚೇರಿಯವರು ಕೇಳುವುದೂ ಹೊಸ ಪ್ರತಿಯನ್ನೇ. ನಿನ್ನೆಯ ಅಡಿಕೆ ಧಾರಣೆಯ ಚಿತ್ರ ಇಂದು ಬೇಡ. ಆದರೆ ಅಡಿಕೆ ಮಾರಿದ ಚೀಟಿಯ ಚಿತ್ರ ಬೇಕು. ಕಳೆದ ವರ್ಷದ ನೆರೆ ಗದ್ದೆಗೆ ನುಗ್ಗಿದಾಗ ತೆಗೆದ ಚಿತ್ರ ಇನ್ನೊಮ್ಮೆ ಸಿಗದು. ಎಲೆಚುಕ್ಕಿ ರೋಗ ಬಂದ ಒಂದೇ ಮರವನ್ನು ತಿಂಗಳಿಗೊಮ್ಮೆ ತೆಗೆದ ಚಿತ್ರಗಳಿದ್ದರೆ ಅವನ್ನು ಖಂಡಿತ ಇಟ್ಟುಕೊಳ್ಳಿ. ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೋ ವಿಟ್ಲದ ಸಂಶೋಧನಾ ಕೇಂದ್ರಕ್ಕೋ ಹೋದಾಗ ರೋಗ ಹೇಗೆ ಹಬ್ಬಿತೆಂದು ಬಾಯಲ್ಲಿ ಹೇಳುವುದಕ್ಕಿಂತ ಅವನ್ನು ತೋರಿಸುವುದು ಮೇಲು.

ಸಮೀಕ್ಷೆಯ ಚಿತ್ರಗಳನ್ನು ಮೊದಲು ಅಪ್‌ಲೋಡ್ ಮಾಡಿ. ಗದ್ದೆಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಅವು ಫೋನಿನೊಳಗೇ ಕಾಯುತ್ತಿರುತ್ತವೆ. ಗುಡ್ಡ ಹತ್ತಿಯಾದರೂ ಕಳುಹಿಸಿ ಮುಗಿಸತಕ್ಕದ್ದು. ಅನಂತರ 'ಬೆಳೆ ದರ್ಶಕ್' ಆ್ಯಪಿನಲ್ಲಿ ನಿಮ್ಮ ಸರ್ವೆ ನಂಬರಿಗೆ ಸರಿಯಾದ ಬೆಳೆ ದಾಖಲಾಗಿದೆಯೇ ನೋಡಿ. ತಪ್ಪಿದ್ದರೆ ಅಲ್ಲಿಯೇ ಆಕ್ಷೇಪಣೆ ಸಲ್ಲಿಸಬಹುದು. ಸಮೀಕ್ಷೆಗೆ ಹಂಗಾಮಿಗೊಂದು ಹೊಸ ಆ್ಯಪು ಬರುತ್ತದೆ. ಹೋದ ವರ್ಷದ್ದು ಫೋನಿನಲ್ಲಿ ಸುಮ್ಮನೆ ಕುಳಿತಿರುತ್ತದೆ. ಅದರ ದಾಖಲೆ ಬೆಳೆ ದರ್ಶಕ್‌ನಲ್ಲಿ ಕಂಡ ಮೇಲೆ ಅದನ್ನು ತೆಗೆದುಹಾಕಿದರೆ ಬಾಧಕವಿಲ್ಲ.

ಆಮೇಲೆ ವಾಟ್ಸಾಪಿಗೆ ಬನ್ನಿ. ಸೆಟ್ಟಿಂಗ್ಸ್‌ನಲ್ಲಿ 'ಸ್ಟೋರೇಜ್ ಅಂಡ್ ಡೇಟಾ', ಅದರೊಳಗೆ 'ಮ್ಯಾನೇಜ್ ಸ್ಟೋರೇಜ್' ಎಂದಿದೆ. ಐದು ಎಂಬಿಗಿಂತ ದೊಡ್ಡವು, ಅನೇಕ ಬಾರಿ ಕೈದಾಟಿ ಬಂದವು, ಎಂದು ಅದೇ ವಿಂಗಡಿಸಿ ತೋರಿಸುತ್ತದೆ. ದೊಡ್ಡ ವೀಡಿಯೊಗಳಿಂದ ಪ್ರಾರಂಭಿಸಿ. ನೂರು ಹೂವಿನ ಚಿತ್ರ ಅಳಿಸುವ ಶ್ರಮಕ್ಕಿಂತ ಒಂದು ಮದುವೆ ವೀಡಿಯೊ ಅಳಿಸಿದರೆ ಹೆಚ್ಚು ಜಾಗ ಸಿಕ್ಕೀತು. ಅಲ್ಲಿಯೇ ಇರುವ 'ಮೀಡಿಯಾ ಆಟೋ ಡೌನ್‌ಲೋಡ್' ನಿಲ್ಲಿಸಿಬಿಟ್ಟರೆ ಮುಂದೆ ನೀವು ಮುಟ್ಟಿದ ಚಿತ್ರ ಮಾತ್ರ ಒಳಗೆ ಬರುತ್ತದೆ. ಆದರೆ ಬೇಕಾದುದನ್ನು ತಿಂಗಳುಗಟ್ಟಲೆ ಬಿಡಕೂಡದು. ಆಮೇಲೆ ಸಿಗದೆ ಹೋದೀತು.

"ಅಷ್ಟೆಲ್ಲ ಅಳಿಸಿದೆ, ಜಾಗವೇ ಆಗಲಿಲ್ಲ" ಎಂದು ಕೆಲವರು ದೂರುತ್ತಾರೆ. ಗ್ಯಾಲರಿಯಲ್ಲಿ ಅಳಿಸಿದ ಚಿತ್ರ ಹೆಚ್ಚಿನ ಫೋನುಗಳಲ್ಲಿ ಕಸದ ಬುಟ್ಟಿಗೆ ಹೋಗಿ ಒಂದು ತಿಂಗಳು, ಕೆಲವೊಮ್ಮೆ ಎರಡು ತಿಂಗಳು, ಅಲ್ಲಿಯೇ ಇರುತ್ತದೆ. ಬುಟ್ಟಿಯನ್ನು ಬರಿದು ಮಾಡಿದರೆ ಮಾತ್ರ ಜಾಗ ತೆರವಾಗುತ್ತದೆ. ಕೈತಪ್ಪಿ ಅಳಿಸಿದ್ದನ್ನು ಹುಡುಕಬೇಕಾದುದೂ ಅದೇ ಬುಟ್ಟಿಯಲ್ಲಿ.

ಅಳಿಯನು ಮಾಡಿದ ತಪ್ಪನ್ನು ಸರಿಯಾಗಿ ತಿಳಿದುಕೊಳ್ಳಿ. ಪ್ರತಿ ಆ್ಯಪಿಗೂ ಎರಡು ಗುಂಡಿಗಳುಂಟು. 'ಕ್ಲಿಯರ್ ಕ್ಯಾಶ್' ಎಂಬುದು ಆ್ಯಪು ತನ್ನ ಅನುಕೂಲಕ್ಕೆ ಇಟ್ಟುಕೊಂಡ ತಾತ್ಕಾಲಿಕ ಸಾಮಾನನ್ನು ಗುಡಿಸುತ್ತದೆ, ಅದರಿಂದ ಹಾನಿಯಿಲ್ಲ. 'ಕ್ಲಿಯರ್ ಡೇಟಾ', ಕೆಲವು ಫೋನುಗಳಲ್ಲಿ 'ಕ್ಲಿಯರ್ ಸ್ಟೋರೇಜ್', ಆ್ಯಪಿನ ಮನೆಯನ್ನೇ ಬರಿದು ಮಾಡುತ್ತದೆ. ಕಳುಹಿಸದ ಚಿತ್ರವಿರುವ ಸಮೀಕ್ಷೆಯ ಆ್ಯಪಿನಲ್ಲಿ ಇದನ್ನು ಎಂದಿಗೂ ಒತ್ತಕೂಡದು.

ಗೂಗಲ್ ಫೋಟೋಸ್ ಬಳಸುವವರಿಗೆ ಒಂದು ಎಚ್ಚರಿಕೆ. ಗೂಗಲ್ಲಿನವರು 15 ಜಿಬಿ ಜಾಗವನ್ನು ಉಚಿತವಾಗಿ ಕೊಡುತ್ತಾರೆ. ಇಮೇಲು, ಚಿತ್ರ ಎಲ್ಲವೂ ಅದರಲ್ಲೇ ಹಿಡಿಯಬೇಕು. ಚಿತ್ರಗಳು ಅಲ್ಲಿಗೆ ಸೇರಿದ ಮೇಲೆ 'ಫ್ರೀ ಅಪ್ ಸ್ಪೇಸ್' ಒತ್ತಿದರೆ ಫೋನಿನ ಪ್ರತಿ ಮಾತ್ರ ಹೋಗುತ್ತದೆ, ಅಲ್ಲಿಯದು ಉಳಿಯುತ್ತದೆ. ಅದನ್ನು ಬಿಟ್ಟು ಆ ಆ್ಯಪಿನಲ್ಲಿ ಚಿತ್ರವನ್ನೇ 'ಡಿಲೀಟ್' ಮಾಡಿದರೆ ಎರಡು ಕಡೆಯಿಂದಲೂ ಹೋಗುತ್ತದೆ.

ಮೆಮೊರಿ ಕಾರ್ಡು ಹಾಕುವ ಸೌಲಭ್ಯವಿದ್ದರೆ ಹಾಕಿಸಿಕೊಳ್ಳಿ, ಕ್ಯಾಮೆರಾದ ಚಿತ್ರಗಳು ಅದಕ್ಕೇ ಹೋಗುವಂತೆ ಮಾಡಿಕೊಳ್ಳಿ. ಪೇಟೆಯಲ್ಲಿ ತೀರ ಅಗ್ಗಕ್ಕೆ ಸಿಗುವ ಕಾರ್ಡುಗಳಲ್ಲಿ ಮೇಲೆ ಬರೆದಷ್ಟು ಜಾಗವೇ ಇಲ್ಲದ ನಕಲಿಗಳುಂಟು. ಬಿಲ್ಲು ಪಡೆದೇ ಕೊಳ್ಳಿ. ಮುಖ್ಯ ದಾಖಲೆಗಳಿಗೆ ಕಾರ್ಡೊಂದನ್ನೇ ನಂಬಿ ಕೂರಬೇಡಿ, ಇನ್ನೊಂದು ಪ್ರತಿ ಮಗಳ ಫೋನಿನಲ್ಲಾದರೂ ಇರಲಿ.

ಮೇಲೆ ಹೇಳಿದ ರೈತರು ಹೊಸ ಫೋನು ಕೊಳ್ಳಲಿಲ್ಲ. ಸಮೀಕ್ಷೆಗೆ ಹೊರಡುವ ಹಿಂದಿನ ಸಂಜೆ ಒಂದು ಜಿಬಿಯಾದರೂ ಖಾಲಿ ಇದೆಯೇ ಎಂದು ಈಗ ಅವರು ತಾವೇ ನೋಡಿಕೊಳ್ಳುತ್ತಾರೆ, ಅಳಿಯನ ಕೈಗೆ ಫೋನು ಕೊಡುವುದಿಲ್ಲ.