ತಿಂಗಳಿಗೆ ಸಾವಿರದ ಮನೆ, ವರ್ಷಕ್ಕೆ ಹದಿನಾಲ್ಕು ಸಾವಿರದ ಹಾಸ್ಟೆಲ್

ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಎಂಜಿನಿಯರಿಂಗ್ ಸೇರುವವರು ನೇರ ಮೂರನೇ ಸೆಮಿಸ್ಟರ್‌ಗೆ ಹೋಗಿ ಕೂರುತ್ತಾರೆ. ಅಷ್ಟು ಹೊತ್ತಿಗೆ ಉಳಿದವರು ಒಂದು ವರ್ಷ ಜೊತೆಗೆ ಉಂಡು, ಮಲಗಿ, ಓದಿ ಒಂದಾಗಿರುತ್ತಾರೆ. 2012ರ ಆಗಸ್ಟ್‌ನಲ್ಲಿ ಶಿವಮೊಗ್ಗಕ್ಕೆ ಬಂದಾಗ ನನ್ನ ಮುಂದೆ ಎರಡು ದಾರಿ ಇದ್ದವು. ಹಾಸ್ಟೆಲ್‌ನಲ್ಲಿ ಖಾಲಿ ಉಳಿದಿದ್ದ ಒಂದು ಸೀಟು. ಇಲ್ಲವೇ ನನ್ನ ಹಾಗೆಯೇ ಬಂದಿದ್ದ ಇನ್ನಿಬ್ಬರೊಡನೆ ರಾಗಿಗುಡ್ಡದಲ್ಲಿ ಬಾಡಿಗೆ ಮನೆ.

ಹಾಸ್ಟೆಲ್‌ಗೆ ವರ್ಷಕ್ಕೆ 14,000 ರೂಪಾಯಿ, ಒಂದೇ ಸಲ ಕಟ್ಟಬೇಕು; ಮೆಸ್ ಬಿಲ್ ಬೇರೆ. ಮನೆ ಬಾಡಿಗೆ 3,000, ಮೂವರಲ್ಲಿ ಹಂಚಿದರೆ ತಲೆಗೆ ಸಾವಿರ.

ನಮ್ಮದು ಹೊಸನಗರದ ಕಡೆ ಸಣ್ಣ ಅಡಿಕೆ ತೋಟ. ಅಡಿಕೆ ನಂಬಿದ ಮನೆಗಳಲ್ಲಿ ಆಗಸ್ಟ್ ಎಂದರೆ ಕೈ ಬರಿದಾಗಿರುವ ತಿಂಗಳು. ಹಿಂದಿನ ಫಸಲಿನ ದುಡ್ಡು ಕರಗಿರುತ್ತದೆ. ಕೊಳೆ ರೋಗ ಬರದಂತೆ ಇನ್ನೊಂದು ಸಲ ಬೋರ್ಡೋ ಹೊಡೆಸಬೇಕು. ಹೊಸ ಅಡಿಕೆಯ ದುಡ್ಡು ಕಣ್ಣಿಗೆ ಬೀಳುವುದು ಸಂಕ್ರಾಂತಿ ಹೊತ್ತಿಗೆ. ಹದಿನಾಲ್ಕು ಸಾವಿರ ಎಂದಾಗ ಅಪ್ಪ ಮಾತಾಡಲಿಲ್ಲ. ತಿಂಗಳಿಗೆ ಸಾವಿರ ಎಂದಾಗ ತಲೆಯಾಡಿಸಿದರು. ಮನೆಯೇ ಗಟ್ಟಿಯಾಯಿತು.

ಆದರೆ ಮೊದಲ ತಿಂಗಳೇ ನನ್ನ ಪಾಲಿನ ಅಡ್ವಾನ್ಸ್ 7,000, ಬಾಡಿಗೆ 1,000, ಹಾಸಿಗೆ-ಬಕೆಟ್-ಪಾತ್ರೆಗೆ 2,500 ಹೋಯಿತು. ಒಟ್ಟು 10,500. ಹಾಸ್ಟೆಲ್‌ನ ದುಡ್ಡಿನ ಮುಕ್ಕಾಲು ಭಾಗ ಒಂದೇ ತಿಂಗಳಲ್ಲಿ ಕೈಬಿಟ್ಟಿತ್ತು. ಕೂತು ಕೂಡಿಸಿ ನೋಡಿದವರು ಯಾರೂ ಇರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸಬ್ಸಿಡಿ ಸಿಲಿಂಡರ್‌ಗೆ ವರ್ಷಕ್ಕೆ ಆರರ ಮಿತಿ ಹಾಕಿತು. ಅಲ್ಲಿಯವರೆಗೆ ತಮ್ಮದೊಂದು ಸಿಲಿಂಡರ್ ಕೊಡುತ್ತಿದ್ದ ಮಾಲೀಕರು ಆಗುವುದಿಲ್ಲ ಎಂದುಬಿಟ್ಟರು; ಅವರದೂ ತಪ್ಪಲ್ಲ. ಕಾಯಿಲ್ ಒಲೆ ತಂದೆವು, ಕರೆಂಟ್ ಬಿಲ್ ಏರಿತು. ಮಳೆಗಾಲವಿಡೀ ಒಳಗೇ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಿದ್ದೆವು. ಜೀನ್ಸ್ ಪ್ಯಾಂಟು ನಾಲ್ಕು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಅದನ್ನೇ ಹಾಕಿಕೊಂಡು ಎರಡು ಬಸ್ ಬದಲಿಸಿ ಕಾಲೇಜಿಗೆ ಹೋಗುತ್ತಿದ್ದೆ.

ಇದೆಲ್ಲಕ್ಕಿಂತ ದೊಡ್ಡ ಪೆಟ್ಟು ಮ್ಯಾಟ್‌ಡಿಪ್. ಡಿಪ್ಲೊಮಾದಿಂದ ಬಂದವರಿಗೆ ವಿಟಿಯು ಇಟ್ಟಿದ್ದ ಹೆಚ್ಚುವರಿ ಗಣಿತ ಅದು. ಹಾಸ್ಟೆಲ್‌ನಲ್ಲಿ ಹಿಂದಿನ ವರ್ಷದ ಲ್ಯಾಟರಲ್ ಹುಡುಗರು ರಾತ್ರಿ ಹನ್ನೊಂದಕ್ಕೂ ಕೂತು ಹೇಳಿಕೊಡುತ್ತಿದ್ದರಂತೆ. ರಾಗಿಗುಡ್ಡದ ಮನೆಯಲ್ಲಿದ್ದ ನಾವು ಮೂವರೂ ಹೊಸಬರು. ಮೂವರೂ ಫೇಲಾದೆವು.

ವರ್ಷದ ಕೊನೆಗೆ ನೋಟ್‌ಬುಕ್ ತೆಗೆದು ಕೂಡಿಸಿದೆ. ರಜೆ ಸೇರಿ ಹನ್ನೆರಡು ತಿಂಗಳ ಬಾಡಿಗೆ 12,000, ಹತ್ತು ತಿಂಗಳ ಊಟ 18,000, ಬಸ್ಸಿಗೆ 3,200, ಕರೆಂಟ್-ನೀರು 1,800, ಸಾಮಾನು 2,500, ಬಿಡುವಾಗ ಪೇಂಟಿಂಗ್ ಎಂದು ಹಿಡಿದುಕೊಂಡದ್ದರಲ್ಲಿ ನನ್ನ ಪಾಲು 1,000. ಒಟ್ಟು 38,500. ಅದೇ ವರ್ಷ ಹಾಸ್ಟೆಲ್‌ನಲ್ಲಿದ್ದ ಸಹಪಾಠಿಗೆ ಮೆಸ್ ಸೇರಿ ಆದದ್ದು 33,000.

2013ರ ಸಂಕ್ರಾಂತಿಯಲ್ಲಿ ಅಡಿಕೆ ಮಾರಿ ಬಂದ ದಿನವೇ ಅಪ್ಪ 14,000 ರೂಪಾಯಿಯನ್ನು ಬೇರೆ ಪಾಸ್‌ಬುಕ್ಕಿಗೆ ಹಾಕಿದ್ದರು. ಆಗಸ್ಟ್‌ನಲ್ಲಿ ಅದನ್ನು ಹಾಸ್ಟೆಲ್ ಆಫೀಸಿನಲ್ಲಿ ಕಟ್ಟುವಾಗ ವಾರ್ಡನ್ ಕೇಳಿದರು: "ಹೋದ ವರ್ಷ ಯಾಕೆ ಬರಲಿಲ್ಲ? ಒಂದು ಅರ್ಜಿ ಕೊಟ್ಟಿದ್ದರೆ ಎರಡು ಕಂತು ಮಾಡಿಕೊಡುತ್ತಿದ್ದೆವು." ನಾನು ಕೇಳಿಯೇ ಇರಲಿಲ್ಲ.

ಬಾಡಿಗೆ ಮನೆ ಬೇಡವೆಂದು ನಾನು ಹೇಳುವುದಿಲ್ಲ. ಕೊನೆಯ ವರ್ಷ, ಜೊತೆಗಾರರ ಗುಣ ಗೊತ್ತಾದ ಮೇಲೆ, ಮನೆ ಮಾಡಿದರೆ ಪ್ರಾಜೆಕ್ಟ್ ಕೆಲಸಕ್ಕೂ ಅನುಕೂಲ. ಹಿಂದುಳಿದ ವರ್ಗದ ಮಕ್ಕಳಲ್ಲಿ ಹಾಸ್ಟೆಲ್ ಸಿಗದವರಿಗೆ 2013-14ರಲ್ಲಿ ಶುರುವಾದ ವಿದ್ಯಾಸಿರಿ ಯೋಜನೆಯೂ ಇದೆ; ಆಗ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಕೊಡುತ್ತಿದ್ದರು. ಆ ದುಡ್ಡು ಖಾತೆಗೆ ಬರುವವರೆಗೆ ಬಾಡಿಗೆ ಮಾತ್ರ ಕಾಯುವುದಿಲ್ಲ. ನಡುವೆ ಬಂದು ಸೇರುವವರಿಗೆ ಮೊದಲ ವರ್ಷ ಹಾಸ್ಟೆಲ್ಲೇ ಸರಿ.

ಈ ವರ್ಷ ಮಗನನ್ನೋ ಮಗಳನ್ನೋ ಮೂರನೇ ಸೆಮಿಸ್ಟರ್‌ಗೆ ಸೇರಿಸುತ್ತಿರುವವರು ಮನೆಗೆ ಅಡ್ವಾನ್ಸ್ ಕೊಡುವ ಮೊದಲು ಹಾಸ್ಟೆಲ್ ಆಫೀಸಿಗೆ ಹೋಗಿ, ಕಂತು ಮಾಡಿಕೊಡುತ್ತೀರಾ ಎಂದು ಒಂದು ಮಾತು ಕೇಳಿ.